ದೇವರ ಕೋಣೆಯೊಳಗಿನ ಸರ್ವರ್

ನೀರಿನ ಪಾಳಿಯ ಪುಟ ತೆರೆಯುತ್ತಿಲ್ಲ ಎಂದು ಬೆಳಿಗ್ಗೆಯಿಂದ ನನಗೆ ಬಂದ ಫೋನುಗಳಲ್ಲಿ ಅರ್ಧ ಬೈಗುಳ, ಇನ್ನರ್ಧ ಉಪದೇಶ. ಊರಲ್ಲಿ ಯಂತ್ರ ಕೆಟ್ಟರೆ ಅದನ್ನು ತಂದವನ ಬುದ್ಧಿಯೇ ಕೆಟ್ಟಿದೆ ಎಂದು ತೀರ್ಮಾನ ಮಾಡಿಬಿಡುತ್ತಾರೆ. ತಂದವನು ನಾನು. ಹೆಸರು ಸುಮೇಧ, ಚಿಕ್ಕೋಡಿಯಲ್ಲಿ ಡಿಪ್ಲೊಮಾ ಮುಗಿಸಿ ಅಥಣಿಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಊರು ಕಾಗವಾಡದ ಕಡೆ, ಕೃಷ್ಣೆಯ ದಂಡೆಗೆ.

ನಮ್ಮೂರ ನೀರಿನ ಸಂಘ ಹೊಳೆಯಿಂದ ನೀರೆತ್ತಿ ಪೈಪಿನಲ್ಲಿ ಹೊಲಹೊಲಕ್ಕೆ ಕಳಿಸುತ್ತದೆ. ಯಾರಿಗೆ ಯಾವಾಗ ಎಂಬುದಕ್ಕೆ ಪಾಳಿ ಇದೆ. ಎರಡು ವರ್ಷದ ಹಿಂದಿನ ತನಕ ವಾಲ್ವ್ ತಿರುವುತ್ತಿದ್ದವನು ವಿಠೋಬಾ. ವಿಠೋಬಾನನ್ನು ತಿರುವುತ್ತಿದ್ದವರು ಸಂಘದ ಚೇರ್ಮನ್ ಮುರಗೆಪ್ಪ ಸಾವಕಾರರು. ಪೈಪಿನ ಮೊದಲ ತುದಿಗೆ ಅವರ ದ್ರಾಕ್ಷಿ ತೋಟ, ಕಟ್ಟಕಡೆಗೆ ನಮ್ಮ ಕೇರಿಯವರ ತುಂಡು ಹೊಲಗಳು. ಅದರಲ್ಲಿ ಒಂದೆಕರೆ ನಮ್ಮದು. ಉಗಾರ ಖುರ್ದದ ಕಾರ್ಖಾನೆಯಲ್ಲಿ ಗೇಟು ಕಾಯ್ದು ನಿವೃತ್ತನಾದ ಅಪ್ಪ ಭರಮು ಕೊಂಡದ್ದು. ಅಪ್ಪ ಬದುಕಿರುವ ತನಕ ಆ ಪೈಪಿನ ಬಾಯಿಯಿಂದ ಬಂದದ್ದು ನೀರಿಗಿಂತ ಗಾಳಿಯೇ ಹೆಚ್ಚು. ಕೇಳಲು ಹೋದರೆ, ಒತ್ತಡ ಸಾಲದು ಎನ್ನುತ್ತಿದ್ದರು.

ಆಮೇಲೆ ಸರಕಾರದ ಯೋಜನೆಯಲ್ಲಿ ತಾನೇ ತೆರೆದು ಮುಚ್ಚುವ ವಾಲ್ವುಗಳು ಬಂದವು. ಅವುಗಳಿಗೆ ಹೊತ್ತು ಹೇಳಲು ಒಂದು ಸರ್ವರ್. ಊರವರೆಲ್ಲ ತಮ್ಮ ಫೋನಿನಲ್ಲೇ ಪಾಳಿ ನೋಡಲು ಅದರದೊಂದು ಪುಟ. ಒತ್ತಡ ಸಾಲದೆಂಬ ಮಾತು ಆ ದಿನವೇ ನಿಂತುಹೋಯಿತು. ಕಟ್ಟಕಡೆಗೂ ನೀರು ಬಂತು, ಅದೂ ದೊಡ್ಡವರಿಗೆ ಬಂದಷ್ಟೇ ಹೊತ್ತು.

ಅವ್ವ ಸತ್ತೆವ್ವ ಆ ಪುಟವನ್ನು ನಂಬಿದಷ್ಟು ಇನ್ನಾರನ್ನೂ ನಂಬಿಲ್ಲ. ಅವಳಿಗೆ ಓದಲು ಬರುವುದಿಲ್ಲ. ಆದರೆ ನಮ್ಮ ಹೊಲದ ಚೌಕ ಹಸಿರಾದರೆ ನೀರು ಬಂತು ಎಂದು ಗೊತ್ತು. ಅದನ್ನು ನಂಬಿಯೇ ಮೊನ್ನೆ ಕಬ್ಬಿನ ಸಸಿ ತರಿಸಿ ನಾಟಿ ಮಾಡಿಸಿದ್ದಳು. ಇವತ್ತು ಸಂಜೆ ನಾಲ್ಕಕ್ಕೆ ನಮ್ಮ ಪಾಳಿ. ಏಪ್ರಿಲ್ ಬಿಸಿಲಿನಲ್ಲಿ ಎಳೆ ಸಸಿ ಎಷ್ಟು ತಡೆದಾವು? ಅವ್ವ ಕೊಡದಲ್ಲಿ ಹೊತ್ತು ಹಾಕಿದ ನೀರಿನ ಮೇಲೆ ಹೇಗೋ ಜೀವ ಹಿಡಿದಿದ್ದವು. ಈ ಪಾಳಿ ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ಅವು ಒಣಗಿ ಕಡ್ಡಿಯಾಗುತ್ತವೆ.

ಅಂಥ ಹೊತ್ತಿನಲ್ಲಿ ಸರ್ವರಿಗೆ ಕಂಪನಿಯಿಂದ ಅಪ್ಡೇಟ್ ಬಂತು. ನಿನ್ನೆ ಸಂಜೆ ಬಂದದ್ದು. ಅದಾದ ಮೇಲೆ ಪುಟ ಮಾಯ. ಸಾವಕಾರರು ಒಂದು ಗಳಿಗೆಯೂ ತಡ ಮಾಡಲಿಲ್ಲ. ಪುಟ ಕಾಣುವ ತನಕ ಎಲ್ಲವೂ ಮೊದಲಿನಂತೆ ಕೈಯಿಂದ ಎಂದು ಅಪ್ಪಣೆ ಕೊಟ್ಟರು. ವಿಠೋಬಾ ಬೆಳಿಗ್ಗೆ ಪಂಪ್‌ಹೌಸಿನ ಗುಂಡಿಯನ್ನು ಆಟೋದಿಂದ ಹ್ಯಾಂಡಿಗೆ ತಿರುವಿದ, ನೀರು ನೆಟ್ಟಗೆ ದ್ರಾಕ್ಷಿ ತೋಟಕ್ಕೆ ಹೋಯಿತು.

ನಾನು ಫೋನಿನಲ್ಲಿ ಎಷ್ಟು ಹೇಳಬೇಕೋ ಅಷ್ಟು ಹೇಳಿದೆ. "ಸಾವಕಾರ್ರ, ಸರ್ವರ್ ಸತ್ತಿಲ್ಲರಿ. ಪುಟಾ ಅಷ್ಟ ಕಾಣವಲ್ದು. ರಾತ್ರಿ ಎಲ್ಲಾ ವಾಲ್ವ್ ಹೊತ್ತಿಗೆ ಬರೋಬ್ಬರಿ ತೆರದಾವು, ವಿಠೋಬಾನ್ನ ಕೇಳ್ರಿ. ಆಟೋದಾಗ ಬಿಟ್ಟಬಿಡ್ರಿ."

"ಕಣ್ಣಿಗೆ ಕಾಣಲಾರದ್ದನ್ನ ಹೆಂಗ ನಂಬೂದೋ ತಮ್ಮಾ?" ಎಂದರು ಸಾವಕಾರರು. ದಿನಕ್ಕೆರಡು ಹೊತ್ತು ದೇವರ ಮುಂದೆ ಕಣ್ಣು ಮುಚ್ಚಿ ಕೂರುವ ಮನುಷ್ಯ ಈ ಮಾತು ಹೇಳಿದ್ದು.

ಅಂಗಡಿಗೆ ರಜೆ ಹಾಕಿ ಸಾವಕಾರರ ಮನೆಗೆ ಹೊರಟೆ. ಅವ್ವನಿಗೆ ಸಸಿಗಳ ಚಿಂತೆಯ ನಡುವೆಯೂ ಇನ್ನೊಂದು ವಿಚಾರ ಹೊಳೆದಿತ್ತು. ಹರೆಯದಲ್ಲೆಲ್ಲ ಸಾವಕಾರರ ಅಂಗಳದಲ್ಲಿ ಕಾಳು ಹಸನು ಮಾಡಿದವಳು ಅವಳು. ಆ ಮನೆಯ ಹೊಸ್ತಿಲು ಅವಳಿಗೆ ಹೊರಗಿನಿಂದ ಚೆನ್ನಾಗಿ ಗೊತ್ತು.

"ಮಿಷನ್ ಒಳಗೈತಿ, ಕೆಲಸಾ ಒಳಗೈತಿ," ಎಂದಳು. "ಇವತ್ತರ ಒಳಗ ಕರೀತಾರ ನೋಡ. ತೂತ ಬಿದ್ದ ಕಾಲಚೀಲಾ ಹಾಕ್ಕೊಂಡ ಹೋಗಬ್ಯಾಡ. ಬೂಟ ಬಿಡಬೇಕಾಗ್ತೈತಿ."

"ನೀರ ಬಂದ್ರ ಸಾಕ ಬೇ," ಎಂದೆ. ಆದರೂ ಹೊಸ ಕಾಲುಚೀಲ ಹಾಕಿಕೊಂಡೆ.

ಸರ್ವರ್ ಇರುವುದು ಸಾವಕಾರರ ಮನೆಯ ದೇವರ ಕೋಣೆಯಲ್ಲಿ. ಇದನ್ನು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಸಂಘದ ಆಫೀಸು ಸೋರುತ್ತದೆ, ಅಲ್ಲಿ ಇಲಿಗಳಿವೆ, ಕರೆಂಟು ಹೋದರೆ ಇನ್ವರ್ಟರ್ ಇಲ್ಲ. ಸಾವಕಾರರ ಮನೆಯಲ್ಲಿ ಇನ್ವರ್ಟರ್ ಇದೆ, ಮಕ್ಕಳ ಕೈ ತಾಗದ ಕೋಣೆ ಇದೊಂದೇ. ತಂದ ದಿನ ಕಾಯಿ ಒಡೆದು, ಅದರ ನೆತ್ತಿಗೆ ವಿಭೂತಿ, ಕುಂಕುಮ ಹಚ್ಚಿ, ದೇವರ ಜಗಲಿಯ ಪಕ್ಕದ ಕಪಾಟಿನಲ್ಲಿ ಕೂರಿಸಿದರು. ಅದನ್ನು ಅಥಣಿಯಿಂದ ಮಡಿಲಲ್ಲಿಟ್ಟುಕೊಂಡು ತಂದವನು ನಾನು, ಹೊರಗಿನ ಕಟ್ಟೆಯ ಮೇಲೆ ಜೋಡಿಸಿದವನು ನಾನು. ಒಳಗೆ ಒಯ್ದದ್ದು ಮಾತ್ರ ಅವರ ಮಗ. ಅಂದಿನಿಂದ ನಾನು ಅದನ್ನು ಕಣ್ಣಾರೆ ನೋಡಿಲ್ಲ. ನೋಡುವ ಪ್ರಸಂಗವೂ ಬಂದಿರಲಿಲ್ಲ, ಮನೆಯಲ್ಲೇ ಕೂತು ಪುಟದ ಮೂಲಕ ಎಲ್ಲ ನಡೆಯುತ್ತಿತ್ತು.

"ಬಾ ಸುಮೇಧ, ಕುಂದರ," ಎಂದರು ಸಾವಕಾರರು. ಕಟ್ಟೆಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಮೊದಲೇ ಬಂದಿತ್ತು. ಅವರ ಸೊಸೆ ಮನೀಷಾ, ನಿಪ್ಪಾಣಿಯ ಹೆಣ್ಣು, ಬಿ.ಎಸ್ಸಿ. ಓದಿದವಳು, ಚಹಾ ತಂದಳು. ಸಾವಕಾರರಿಗೆ ಸ್ಟೀಲಿನ ಲೋಟ, ನನಗೆ ಕಾಗದದ ಕಪ್ಪು. ಮೊದಲು ನಮ್ಮವರಿಗೆಂದೇ ಬೇರೆ ಲೋಟವಿತ್ತು, ಕುಡಿದು ತೊಳೆದು ಬೋರಲು ಹಾಕಿ ಹೋಗಬೇಕಿತ್ತು. ಈಗ ಎಸೆದರಾಯಿತು. ಇಷ್ಟು ಸುಧಾರಣೆ ಆಗಿದೆ ನಮ್ಮೂರಲ್ಲಿ.

ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದೆ. ಮನೆಯ ವೈಫೈ ಕಟ್ಟೆಯ ತನಕ ಬರುತ್ತದೆ. ಅದಕ್ಕೆ ಮಡಿ ಮೈಲಿಗೆ ಗೊತ್ತಿಲ್ಲ. ಮೊದಲು ಸರ್ವರಿಗೆ ಬರೀ ಕೂಗು ಹಾಕಿ ನೋಡಿದೆ, ಇದ್ದೀಯಾ ಎಂದು. ತಕ್ಷಣ ಓಗೊಟ್ಟಿತು. ಹಾಗಾದರೆ ಜೀವವಿದೆ, ತಂತಿಯೂ ಸರಿಯಿದೆ. ಪುಟ ಕೊಡು ಎಂದರೆ ಮಾತ್ರ ಬಾಗಿಲು ಮುಚ್ಚಿತ್ತು. ದೂರದಿಂದಲೇ ಒಳಹೊಕ್ಕು ರಿಪೇರಿ ಮಾಡಲು ಇನ್ನೊಂದು ದಾರಿ ಇಟ್ಟಿದ್ದೆ, ಅಪ್ಡೇಟ್ ಅದನ್ನೂ ಮುಚ್ಚಿಬಿಟ್ಟಿತ್ತು. ಇನ್ನು ಹೊರಗಿನಿಂದ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಯಾರಾದರೂ ಯಂತ್ರದ ಎದುರಿಗೇ ಕೂರಬೇಕು.

"ಸಾವಕಾರ್ರ, ದೂರದಿಂದ ಒಳಗ ಹೋಗೂ ದಾರಿ ಬಂದ್ ಆಗೇತ್ರಿ. ಒಮ್ಮೆ ಒಳಗ ಹೋಗಿ ನೋಡಿದ್ರ ಸಣ್ಣ ಕೆಲಸಾರಿ. ಹಿಂಗ ಕೂತ, ಹಿಂಗ ಎದ್ದ ಬರ್ತೀನಿ."

ಅವರು ಲೋಟ ಕೆಳಗಿಟ್ಟು ದನಿ ತಗ್ಗಿಸಿದರು. "ಅದ ನೋಡ ತ್ರಾಸ. ನಂದೇನಿಲ್ಲ ತಮ್ಮಾ, ನಾ ಜಾತಿ-ಗೀತಿ ಮಾಡಾಂವಲ್ಲ, ನಿನಗ ಗೊತ್ತೈತಿ. ಒಳಗ ಅವ್ವ ಬತ್ತಿ ಹೊಸ್ಕೋತ ಕುಂತಾಳ. ಹಿರೇ ಜೀವ, ಹಳೀ ಕಾಲದಾಕಿ. ಆಕಿ ಇರೂತನಾ ಅಷ್ಟ. ಆಮ್ಯಾಲೆ ಎಲ್ಲಾ ಸುದ್ದ ಆಗ್ತೈತಿ."

ಅವರ ತಾಯಿ ಕೆಂಚವ್ವಾಯಿಯ ಹೆಸರು ಹೇಳಿ ಈ ಮಾತನ್ನು ನಾನು ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ. ನಮ್ಮ ಕೇರಿಯಲ್ಲಿ ಆ ಮುದುಕಿಗೆ ದೀರ್ಘಾಯುಷ್ಯ ಬೇಡಿದವರು ಯಾರೂ ಇಲ್ಲ.

"ಮನೀಷಾಗ ಹೇಳು, ಆಕಿ ಮಾಡ್ತಾಳ," ಎಂದರು ಸಾವಕಾರರು.

ಹಾಗೆ ನಮ್ಮ ರಿಪೇರಿ ಶುರುವಾಯಿತು. ನಾನು ಕಟ್ಟೆಯ ಮೇಲೆ. ನಡುವೆ ಉದ್ದನೆಯ ಪಡಸಾಲೆ. ಅದರಾಚೆ ದೇವರ ಕೋಣೆಯ ಬಾಗಿಲು, ಮನೀಷಾಳ ಬೆನ್ನು, ಅವಳ ಪಕ್ಕ ಪರದೆಯ ಬೆಳಕು. ನಾನು ಕೂಗಿ ಹೇಳುವುದು, ಅವಳು ಒತ್ತಿ ಕೂಗಿ ಹೇಳುವುದು.

"ವೈನಿ, ನಿನ್ನೆ ಪರದೆ ಮ್ಯಾಲ ಏನರ ಕೇಳಿತ್ತೇನ್ರಿ?"

"ಕೇಳಿತ್ತು. ದೀಪ ಹಚ್ಚಾಕ ಬಂದಿದ್ದೆ. ದೇವರ ಮುಂದ ಒಂದ ಸವನ ಮಿಣಿಮಿಣಿ ಅನ್ನಾಕತ್ತಿತ್ತು. ಹೋಗಲಿ ಅಂತ ಎಂಟರ್ ಒತ್ತಿದೆ."

ಹಳೆಯ ಸೆಟಿಂಗ್ ಇರಲೋ, ಹೊಸದು ಹಾಕಲೋ ಎಂದು ಅದು ಕೇಳಿರುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ಹೊಸದು. ಬೇರೆ ಯಾವ ಊರಲ್ಲಾದರೂ ಸರ್ವರ್ ಪ್ರಶ್ನೆ ಕೇಳಿದರೆ ಅದನ್ನು ನೋಡಿಕೊಳ್ಳುವವನನ್ನು ಕರೆಯುತ್ತಾರೆ. ನಮ್ಮೂರಲ್ಲಿ ದೀಪಕ್ಕೆ ಹೊತ್ತಾಯಿತೆಂದು ಉತ್ತರ ಕೊಟ್ಟು ಕಳಿಸುತ್ತಾರೆ. ಅಪ್ಡೇಟ್ ಬಂದಾಗ ನನಗೊಂದು ಫೋನ್ ಮಾಡಿ ಎಂದು ಎಷ್ಟು ಸಲ ಹೇಳಿದ್ದೆನೋ! ಸಿಟ್ಟು ಬಂತು, ನುಂಗಿಕೊಂಡೆ. ಬಿಸಿಲು ಆಗಲೇ ಅಂಗಳದ ಈಚೆಗೆ ಬಂದಿತ್ತು.

"ಆ ಮಿಷನ್‌ದಾಗನ ಪುಟಾ ತೆರದ ನೋಡ್ರಿ."

"ಇಲ್ಲಿ ಬರಾಕತ್ತೈತಿ!" ಎಂದಳು. "ಎಲ್ಲಾರ ಪಾಳಿ ಚೆಂದ ಕಾಣಾಕತ್ತೈತಿ."

ಆಗ ಪೂರ್ತಿ ತಿಳಿಯಿತು. ಕಂಪನಿಯವರು ಸುರಕ್ಷತೆಗೆಂದು ಹೊಸ ಸೆಟಿಂಗಿನಲ್ಲಿ ಹೀಗೆ ಮಾಡಿದ್ದರು: ಯಂತ್ರದ ಎದುರಿಗೇ ಕೂತವರಿಗೆ ಮಾತ್ರ ಪುಟ, ಹೊರಗಿನಿಂದ ಯಾರು ಕೇಳಿದರೂ ಇಲ್ಲ. ಎರಡು ವರ್ಷ ಆ ಕೋಣೆಯಲ್ಲಿ ಕೂತು ಸರ್ವರ್ ಕೂಡ ಆ ಮನೆಯ ರೀತಿ ಕಲಿಯಿತಲ್ಲ ಎಂದು ನನಗೆ ನಗು ಬಂತು. ಯಾಕೆ ನಗುತ್ತೀ ಎಂದು ಸಾವಕಾರರು ಕೇಳಿದರು. ಏನಿಲ್ಲರಿ, ದೋಷ ಸಿಕ್ಕಿತು ಎಂದೆ.

ತಿದ್ದುವುದು ಒಂದೇ ಸಾಲು. ನೂರಾ ಇಪ್ಪತ್ತೇಳರಿಂದ ಶುರುವಾಗುವ ಅಂಕಿ ಅಳಿಸಿ, ಅಲ್ಲಿ ನಡುನಡುವೆ ಚುಕ್ಕಿಯಿಟ್ಟು ನಾಲ್ಕು ಸೊನ್ನೆ ಬರೆಯಬೇಕು. ಯಾರು ಕೇಳಿದರೂ ಉತ್ತರ ಕೊಡು ಎಂದು ಅದರ ಅರ್ಥ. ಸಾಲು ಹುಡುಕಿಸಲು ಬಹಳ ಹೊತ್ತು ಹಿಡಿಯಿತು. ನಡುವೆ ಕರೆಂಟು ಹೋಯಿತು, ಬಂತು. ವಿಠೋಬಾ ಪಂಪ್‌ಹೌಸಿನಿಂದ ಎರಡು ಸಲ ಫೋನ್ ಮಾಡಿದ. "ನಾಕಕ್ಕ ಕಡೀ ಹೊಲದ ಪಾಳಿ ಬರ್ತೈತಿ. ಪುಟಾ ಬಂದ್ರ ಆಟೋಕ್ಕ ಹಾಕ್ತೀನಿ, ಇಲ್ಲಂದ್ರ ಸಾವಕಾರ್ರ ಹೇಳಿದ ಕಡೆ ಬಿಡ್ತೀನಪಾ. ನನ್ನ ಮ್ಯಾಲ ಸಿಟ್ಟ ಮಾಡಬ್ಯಾಡ."

ಅಂತೂ ಸಾಲು ಸಿಕ್ಕಿತು. ಮನೀಷಾ ತಿದ್ದಿದಳು. ಉಳಿಸಲು ಹೋದರೆ ಪರದೆ ಕೆಂಪಗೆ ಬೈಯಿತು.

"ನಿಮಗ ಅಧಿಕಾರ ಇಲ್ಲ ಅನ್ನಾಕತ್ತೈತಿ," ಎಂದಳು. ಅವಳ ದನಿ ಅಳುವಷ್ಟಾಗಿತ್ತು. "ನನಗ ಆಗೂದಿಲ್ಲ ಮಾವಾರ. ಒಂದ ಹೋಗಿ ಒಂದ ಆದ್ರ ಮೈಮ್ಯಾಲ ಬರ್ತೈತಿ."

ಆಗ ಆ ಕೋಣೆಯೊಳಗಿಂದ ಇನ್ನೊಂದು ದನಿ ಬಂತು. ಇಷ್ಟು ಹೊತ್ತು ಬತ್ತಿ ಹೊಸೆಯುತ್ತ ಕೂತಿದ್ದ ಕೆಂಚವ್ವಾಯಿಯದು.

"ಆ ಹುಡುಗನ್ನ ಒಳಗ ಕರೀರೆಲೇ. ಅಷ್ಟ ದೂರ ಕುಂತ ಎಷ್ಟ ಒದರತೈತಿ ಕೂಸ."

ಸಾವಕಾರರು ಎದ್ದು ಹೋಗಿ ತಲೆಬಾಗಿಲಲ್ಲಿ ನಿಂತರು. "ಅವ್ವಾ, ಅದು ದೇವರ ಕೋಣಿ. ನೀನ ಅಲ್ಲಾ ಮಡಿ ಅಂತ…"

"ನಾ? ನಾ ಯಾವಾಗ ಬ್ಯಾಡ ಅಂದೀನಿ?" ಮುದುಕಿಯ ದನಿ ಏರಿತು. "ಊರಿಗೆಲ್ಲಾ ನನ್ನ ಹೆಸರ ಹೇಳ್ಕೋತ ಅಡ್ಯಾಡ್ತೀಯೇನ? ಸತ್ತೆವ್ವನ ಮಗಾ ಅಂವಾ. ನಾ ಅಂಗಳದಾಗ ಕಾಲ ಜಾರಿ ಬಿದ್ದಾಗ ಎತ್ತಿದಾಕಿ ಆಕೀನ. ಎತ್ತೂಮುಂದ ಬ್ಯಾಡ ಅಂದೆನೇನ? ಬಾರೋ ಯಪ್ಪಾ, ಬಾ. ಬಂದ ಕುಂದರ ಇಲ್ಲಿ."

ನಾನು ಎದ್ದು ನಿಂತಿದ್ದೆ. ಬೂಟು ಯಾವಾಗ ಬಿಚ್ಚಿದೆನೋ ತಿಳಿಯದು. ಹೊಸ ಕಾಲುಚೀಲ ಹೊಸ್ತಿಲ ಹತ್ತಿರವಿತ್ತು. ಸಾವಕಾರರು ಅಲ್ಲಾಡಲಿಲ್ಲ. ಬಲಗೈ ಬಾಗಿಲ ಚೌಕಟ್ಟಿನ ಮೇಲಿತ್ತು, ಎಡಗೈ ಸೊಂಟದ ಮೇಲೆ. ಇಷ್ಟು ವರ್ಷ ತಾಯಿಯ ಹಿಂದೆ ಅಡಗಿದ್ದ ಮುಖವನ್ನು ನಾನು ಇವತ್ತು ಮೊದಲ ಸಲ ಎದುರಿಗೆ ಕಂಡೆ. ಅದರಲ್ಲಿ ಸಿಟ್ಟಿರಲಿಲ್ಲ. ಮುಜುಗರವೂ ಇರಲಿಲ್ಲ. ಇಂವ ತಿಳಿದವನು, ತಾನಾಗಿಯೇ ಹಿಂದೆ ಸರಿಯುತ್ತಾನೆ ಎಂಬ ನಂಬಿಕೆ ಮಾತ್ರ ಇತ್ತು.

"ಹೊತ್ತ ಹೋಗಾಕತ್ತೈತಿ ತಮ್ಮಾ," ಎಂದರು ಮೆಲ್ಲಗೆ. "ನಾಕ ಆಗಾಕ ಬಂತು. ನಿಮ್ಮ ಹೊಲದ್ದ ಪಾಳಿ ಅಲ್ಲಾ ಮುಂದ? ನೋಡ, ನಿನಗ ಯಾವುದ ಬೇಕ."

ಅವರ ಕೈ ಸರಿಸಿ ಒಳಗೆ ನುಗ್ಗಬಹುದಿತ್ತು. ಮುದುಕಿ ಕರೆದಿದ್ದಳು, ನನ್ನ ಪಕ್ಷಕ್ಕೆ ಕಾನೂನಿತ್ತು. ಗದ್ದಲವಾಗುತ್ತಿತ್ತು, ಓಣಿ ಸೇರುತ್ತಿತ್ತು, ಪೊಲೀಸರೂ ಬರುತ್ತಿದ್ದರು. ನಾಲ್ಕು ದಾಟುತ್ತಿತ್ತು. ವಿಠೋಬಾ ನೀರನ್ನು ಹೇಳಿದ ಕಡೆ ಬಿಡುತ್ತಿದ್ದ. ಅವ್ವ ಆ ಹೊತ್ತಿಗೆ ಪೈಪಿನ ಬಾಯಿಯ ಮುಂದೆ ಗುದ್ದಲಿ ಹಿಡಿದು ಕೂತಿರುತ್ತಾಳೆ ಎಂದು ನನಗೆ ಗೊತ್ತಿತ್ತು.

ಹೋಗಿ ಕುರ್ಚಿಯಲ್ಲಿ ಕೂತೆ.

"ವೈನಿ, ಪಾಸ್ವರ್ಡ್ ಹೇಳ್ತೀನಿ, ಒತ್ರಿ. ಒತ್ತಿದ್ದ ಕಾಣಂಗಿಲ್ಲ, ಅಂಜಬ್ಯಾಡ್ರಿ."

ಆ ಪಾಸ್ವರ್ಡ್ ಇಟ್ಟವನು ನಾನೇ. ಎರಡು ವರ್ಷದ ಹಿಂದೆ, ಅಥಣಿಯ ಅಂಗಡಿಯಲ್ಲಿ. ಸರ್ವರ್ ಯಾರ ಮನೆ ಸೇರುತ್ತದೆಂದು ಗೊತ್ತಿತ್ತು, ಗೊತ್ತಿದ್ದೇ ಇಟ್ಟಿದ್ದೆ. ಆ ದೇವರ ಕೋಣೆಯೊಳಗೆ ನಮ್ಮದೊಂದು ಮಾತು ಬಚ್ಚಿಟ್ಟುಕೊಂಡು ಕೂತಿದೆ ಎಂದು ನೆನೆಸಿಕೊಂಡು ಎಷ್ಟೋ ಸಲ ಒಬ್ಬನೇ ನಕ್ಕಿದ್ದೆ. ಅದನ್ನು ಹೀಗೆ ಪಡಸಾಲೆ ದಾಟುವಂತೆ ಒದರಬೇಕಾಗುತ್ತದೆ ಎಂದು ಎಣಿಸಿರಲಿಲ್ಲ.

"ಜೆ," ಎಂದೆ. "ಎ. ಐ."

"ಹೂಂ."

"ಬಿ. ಎಚ್. ಐ. ಎಂ."

ಕೀಲಿಮಣೆಯ ಸದ್ದು ನಿಂತಿತು. ಮನೀಷಾ ತಿರುಗಿ ನನ್ನನ್ನು ನೋಡಿದಳು. ಸಾವಕಾರರು ನನ್ನನ್ನೂ ನೋಡಿದರು, ಅವಳನ್ನೂ ನೋಡಿದರು. ಆಮೇಲೆ ಕೊನೆಯ ಅಕ್ಷರದ ಸದ್ದಾಯಿತು, ಎಂಟರ್ ಸದ್ದಾಯಿತು.

"ಉಳೀತು," ಎಂದಳು.

ಸರ್ವರಿನ ಆ ಪ್ರೋಗ್ರಾಮ್ ಬಂದ್ ಮಾಡಿ ಮತ್ತೆ ಶುರು ಮಾಡಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಪುಟ ತೆರೆಯಿತು. ಎಲ್ಲರ ಹೊಲಗಳೂ ಚೌಕ ಚೌಕವಾಗಿ ಬಂದವು. ಕಟ್ಟಕಡೆಯ ಮೂಲೆಯಲ್ಲಿ ನಮ್ಮದು, ಇನ್ನೂ ಬೂದು. ವಿಠೋಬಾನಿಗೆ ಫೋನ್ ಹಚ್ಚಿ ಅವನ ಮೊಬೈಲಿನಲ್ಲಿ ನೋಡಿಸಿದೆ. "ಬಂತು ಬಂತು!" ಎಂದು ಕೂಗಿದ ಅವನು ಸಾವಕಾರರ ಒಪ್ಪಿಗೆಗೆ ಕಾದ. ಫೋನನ್ನು ಅವರತ್ತ ಹಿಡಿದೆ. ಪುಟ ಬಂದಿತ್ತು, ಊರಿಗೆಲ್ಲ ಕಾಣುತ್ತಿತ್ತು, ಇನ್ನು ನೆಪವಿರಲಿಲ್ಲ. "ಹಾಕ ಆಟೋಕ್ಕ," ಎಂದರು. ನಾನು ನೋಡುತ್ತಿರುವಂತೆಯೇ ನಮ್ಮ ಚೌಕ ಹಸಿರಾಯಿತು.

ಕೆಲಸ ಮುಗಿಯಿತೆಂದು ಬೂಟು ಹಾಕುತ್ತಿದ್ದೆ. ಸಾವಕಾರರು ಬಂದು ಹೆಗಲ ಮೇಲೆ ಕೈಯಿಟ್ಟರು. ಕಟ್ಟೆಯ ಮೇಲೆ ಅವರು ಎಷ್ಟು ಬೇಕಾದರೂ ಮುಟ್ಟುತ್ತಾರೆ.

"ಶಾಣ್ಯಾ ಅದಿ ಬಿಡು. ಒಂದ ಕೆಲಸಾ ಮಾಡು, ಅದೇನೋ ದೂರದಿಂದ ಒಳಗ ಹೋಗೂ ದಾರಿ ಬಂದ್ ಆಗೇತಿ ಅಂದಿ ಅಲ್ಲಾ, ಅದನ್ನ ಪಕ್ಕಾ ಮಾಡಿಬಿಡು. ಅಥಣ್ಯಾಗ ಕುಂತ ಎಲ್ಲಾ ಮಾಡೂ ಹಂಗ ಆಗಬೇಕ. ಇನ್ನೊಮ್ಮೆ ನೀ ಇಲ್ಲಿಮಟಾ ಬರೂ ಪ್ರಸಂಗನ ಬರಬಾರದು." ಎರಡು ಹೆಜ್ಜೆ ಹೋಗಿ ತಿರುಗಿ ಬಂದರು. "ಮತ್ತ ಆ ಪಾಸ್ವರ್ಡೂ ಬದಲ ಮಾಡು. ದೇವರ ಕೋಣಿ ಐತಿ."

ಇಲ್ಲ ಎನ್ನಬಹುದಿತ್ತೇ? ಮುಂದಿನ ಅಪ್ಡೇಟಿಗೆ ಮತ್ತೆ ಇದೇ ಕಟ್ಟೆ, ಇದೇ ಕುರ್ಚಿ, ಮತ್ತೆ ಅವ್ವನ ಪಾಳಿ ಇವರ ಕೈಯಲ್ಲಿ. ಮಾಡಿದೆ. ನಾನು ಹೇಳಿದಂತೆ ಮನೀಷಾ ಮತ್ತೆರಡು ಸಾಲು ಬರೆದಳು. ಅದರ ನಂತರದ್ದನ್ನು ಕುರ್ಚಿಯಲ್ಲೇ ಕೂತು ನಾನೇ ಮಾಡಿ ಮುಗಿಸಿದೆ. ಹೊಸ ಪಾಸ್ವರ್ಡಿಗೆ ಅವರ ಮನೆದೇವರ ಹೆಸರಿಟ್ಟೆ. ಇನ್ನು ಮುಂದೆ ಆ ಸರ್ವರಿಗೆ ಏನೇ ಆದರೂ ಅಥಣಿಯಿಂದಲೇ ಸರಿಮಾಡಬಲ್ಲೆ. ಆ ಹೊಸ್ತಿಲಿಗೆ ನಾನು ಬೇಕಾಗುವುದಿಲ್ಲ. ಇಷ್ಟು ಅಚ್ಚುಕಟ್ಟಾಗಿ ನನ್ನನ್ನು ಹೊರಗಿಡಲು ಅವರ ಅಜ್ಜನ ಕಾಲದವರಿಂದಲೂ ಆಗಿರಲಿಲ್ಲ, ನಾನೇ ಮಾಡಿಕೊಟ್ಟೆ.

ಒಳಗಿನಿಂದ ಮುದುಕಿ ಇನ್ನೂ ಕೇಳುತ್ತಿದ್ದಳು. "ಬಂದನೇನ ಹುಡುಗ? ಎಲ್ಲಿ ಅದಾನ?" ಅವಳಿಗೆ ಕಣ್ಣು ಮಂಜು. ಬರುತ್ತೇನೆ ಆಯಿ ಎಂದು ಹೊರಗಿನಿಂದಲೇ ಕೂಗಿದೆ. ಹೋಗುತ್ತೇನೆ ಎನ್ನುವುದಕ್ಕೂ ನಮ್ಮಲ್ಲಿ ಹಾಗೆಯೇ ಹೇಳುವುದು. ಅವಳು ಏನೆಂದು ತಿಳಿದಳೋ.

ಹೊಲಕ್ಕೆ ಹೋದೆ. ನೀರು ಸಾಲು ಸಾಲಿಗೆ ಹರಿಯುತ್ತಿತ್ತು. ಅವ್ವ ಸೀರೆ ಎತ್ತಿ ಕಟ್ಟಿ ಮೊಣಕಾಲ ತನಕ ಕೆಸರಿನಲ್ಲಿ ನಿಂತು, ಒಂದು ಸಾಲಿನ ಬಾಯಿ ಮುಚ್ಚಿ ಇನ್ನೊಂದರದು ತೆರೆಯುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿಸಿದಳು. ಗುದ್ದಲಿ ಊರಿ ನಿಂತು ಮೊದಲು ಕೇಳಿದ್ದು ನೀರಿನ ಮಾತಲ್ಲ.

"ಕರದ್ರ?"

"ಕರದ್ರು."

"ಯಾರು?"

"ಕೆಂಚವ್ವಾಯಿ."

ಅವ್ವನಿಗೆ ಅದು ವಿಚಿತ್ರವೆನಿಸಲಿಲ್ಲ. ಮೊದಲೇ ಗೊತ್ತಿದ್ದವಳ ಹಾಗೆ ತಲೆಯಾಡಿಸಿದಳು. "ಹೋದಿ?"

"ಇಲ್ಲ. ಕೆಲಸಾ ಹೊರಗಿಂದನ ಮುಗೀತು."

ಅವಳು ನನ್ನ ಕಾಲು ನೋಡಿದಳು. ಬೂಟು ಕೈಯಲ್ಲಿ ಹಿಡಿದು ಕೆಸರಿಗಿಳಿದಿದ್ದೆ, ಹೊಸ ಕಾಲುಚೀಲ ಹಾಳಾಗಿ ಹೋಗಿತ್ತು. ಬಗ್ಗಿ ಒಂದು ಸಸಿಯ ಬುಡಕ್ಕೆ ಮಣ್ಣು ಸರಿಸಿದಳು. ಆಮೇಲೆ ನೀರಿನತ್ತಲೇ ನೋಡುತ್ತ ಹೇಳಿದಳು.

"ಆ ಮನ್ಯಾಗ ಕರಿಯಾಕ ಇದ್ದಾಕಿ ಆಕಿ ಒಬ್ಬಾಕಿ. ಆಕೀಗೂ ವಯಸ್ಸಾತು."